ಕಾಲೇಜಿನ ಮೊದಲ ವರ್ಷ

ಶೂನ್ಯಸಂಪಾದನೆಯನ್ನು ಓದಿದವರಿಗೆ ಸೊನ್ನಲಿಗೆಯ ಸಿದ್ಧರಾಮರ ಪ್ರಸಂಗ ಪರಿಚಿತವಾದುದೇ ಆಗಿದೆ. ಕೆರೆಯನ್ನು ಕಟ್ಟಿಸಿ, ಗುಡಿಗಳನ್ನೆತ್ತಿಸಿ, ತಮ್ಮ ಊರಿನಲ್ಲಿ ಸರ್ವಮಾನ್ಯರಾಗಿದ್ದ ಆ ಮಹನೀಯರು ಅಲ್ಲಮಪ್ರಭುಗಳೊಡನೆ ಕಲ್ಯಾಣಕ್ಕೆ ಬಂದಾಗ ಮೊದಲಿನಿಂದ ಕಲಿಯಬೇಕಾಯಿತು. ಅವರಿಗೆ ದೀಕ್ಷೆಯನ್ನಿತ್ತವರು ಎಳೆಯ ವಯಸ್ಸಿನ ಚನ್ನಬಸವಣ್ಣನವರು. ನಾವು ಇದನ್ನು ತತ್ತ್ವದೃಷ್ಟಿಯಿಂದ ವಿವೇಚಿಸುವುದುಂಟು. ಊರಿನಲ್ಲಿ ಹಿರಿಯನೆನಿಸಿದವನು ಹೊಸ ಸಭೆಯಲ್ಲಿ ಕಿರಿಯನಾಗಿ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂಬುದು ಮಾತ್ರ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ.

ಪ್ರತಿವರ್ಷವೂ ಮೈಸೂರಿನ ಕಾಲೇಜುಗಳು ತೆರೆಯುವ ಕಾಲದಲ್ಲಿ ಈ ಪ್ರಸಂಗ ನನ್ನ ನೆನಪಿಗೆ ಬರುತ್ತದೆ. ಗುಂಡ್ಲುಪೇಟೆ, ಕೊಳ್ಳೇಗಾಲ, ಹೆಗ್ಗಡದೇವನಕೋಟೆಗಳ ಕಡೆಯಿಂದ ಹಾಸಿಗೆ ಸುರುಳಿ, ಪೆಟ್ಟಿಗೆ, ಒಂದು ಡಬ್ಬ ಚಟ್ನಿಪುಡಿಯೊಡನೆ ಬಸ್ಸಿನಿಂದಿಳಿಯುವ ಮಕ್ಕಳಲ್ಲಿ ಹೆಚ್ಚಿನವರು ತಂತಮ್ಮ ಶಾಲೆಗೆ ಮೊದಲಿಗರೇ. ಇಲ್ಲಿ ತರಗತಿಯ ತುಂಬ ಮೊದಲಿಗರಿರುತ್ತಾರೆ.

ನಾನು ಬಲ್ಲ ಒಬ್ಬ ಹುಡುಗನ ವಿಷಯವನ್ನು ಹೇಳುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ಪಿ.ಯು.ಸಿ.ಯಲ್ಲಿ ವಿಜ್ಞಾನದ ಪುಸ್ತಕಗಳು ಇಂಗ್ಲಿಷಿನವಾದರೂ ಅಧ್ಯಾಪಕರು ಅವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಒಳ್ಳೆಯ ಅಂಕಗಳು ಬಂದವು. ಊರಿನವರು ಶಾಲು ಹೊದಿಸಿದರು. ಮೈಸೂರಿನಲ್ಲಿ ಬಿ.ಎಸ್‌ಸಿ.ಗೆ ಸೇರಿದ. ಮೊದಲ ವಾರದಲ್ಲೇ ಉಪನ್ಯಾಸ ಅವನ ತಲೆಯ ಮೇಲೆ ಹಾದುಹೋಗತೊಡಗಿತು. ಒಂದು ದಿನ ಧೈರ್ಯಮಾಡಿ ಎದ್ದು ನಿಂತು ಕೇಳಿದಾಗ, ಇಂಗ್ಲಿಷ್ ವಾಕ್ಯ ನಡುವೆ ತುಂಡಾಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗು ಇವನನ್ನೇ ಕುರಿತದ್ದೋ ಅಲ್ಲವೋ! ಅಂದಿನಿಂದ ಅವನು ಬಾಯಿ ತೆರೆಯಲಿಲ್ಲ. ಬಳಿಕ ತರಗತಿಗೂ ಹೋಗದಾದ. ಬೆಳಿಗ್ಗೆ ಪುಸ್ತಕ ಹಿಡಿದು ಹೊರಟು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತು ಸಂಜೆಗೆ ಮರಳುತ್ತಿದ್ದ. ಮನೆಯಿಂದ ಫೋನು ಬಂದಾಗಲೆಲ್ಲ "ಚೆನ್ನಾಗಿದೆ ಅಪ್ಪಾಜಿ" ಎಂಬ ಒಂದೇ ಉತ್ತರ. ಮೊದಲ ಸೆಮಿಸ್ಟರಿನಲ್ಲಿ ಎರಡು ಪತ್ರಿಕೆಗಳು ಹೋದವು.

ಇದು ದಡ್ಡತನದ ಕಥೆಯಲ್ಲ, ನಾಚಿಕೆಯ ಕಥೆ. ತಿಳಿಯದಿರುವುದು ಅವನನ್ನು ಕೆಡಿಸಲಿಲ್ಲ. ತಿಳಿಯದೆಂದು ಹೇಳಲಾರದೆ ಹೋದದ್ದು ಕೆಡಿಸಿತು. ಅನುಭವಮಂಟಪದಲ್ಲಿ ಹೊಸದಾಗಿ ಬಂದವರನ್ನು ಪ್ರಶ್ನಿಸುತ್ತಿದ್ದರು; ಅಕ್ಕಮಹಾದೇವಿಯವರನ್ನೂ ಪ್ರಭುದೇವರು ಬಿಡಲಿಲ್ಲ. ಆದರೆ ಅಲ್ಲಿ ಕೇಳಿದವರು ನಗುವುದಕ್ಕಾಗಿ ಕೇಳಲಿಲ್ಲ, ಉತ್ತರಿಸಿದವರು ಅಡಗಿಕೊಳ್ಳಲೂ ಇಲ್ಲ. ನಮ್ಮ ತರಗತಿಗಳಲ್ಲಿ ಈ ಶೀಲ ಕಡಿಮೆಯಾಗಿದೆಯೆಂಬುದನ್ನು ಅಧ್ಯಾಪಕರೂ ಒಪ್ಪಬೇಕು.

ಭಾಷೆಯ ತೊಡಕು ಹೊಸದಲ್ಲ. ೧೯೧೬ರ ಜುಲೈ ೨೭ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಆರಂಭವಾದಂದಿನಿಂದಲೂ ಹಳ್ಳಿಯ ಮಕ್ಕಳು ಇದನ್ನು ದಾಟಿಯೇ ಬಂದಿದ್ದಾರೆ. ಮಲೆನಾಡಿನ ಕುಪ್ಪಳಿಯಿಂದ ಬಂದು ಮಹಾರಾಜಾ ಕಾಲೇಜಿನಲ್ಲಿ ಓದಿದ ಕುವೆಂಪು ಅವರು ಮುಂದೆ ಅದೇ ವಿಶ್ವವಿದ್ಯಾನಿಲಯಕ್ಕೆ ಉಪಕುಲಪತಿಗಳಾಗಿ (೧೯೫೬–೬೦), ಕಾಲೇಜು ಶಿಕ್ಷಣದಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಲು ಶ್ರಮಿಸಿದರು. ಆದರೂ ವಿಜ್ಞಾನದ ತರಗತಿಗಳಲ್ಲಿ ಇಂದಿಗೂ ಇಂಗ್ಲಿಷೇ ಮುಂದಾಗಿದೆ.

ಇನ್ನು ಊಟ ವಸತಿಯ ವಿಷಯ. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ೧೯೪೧ರಲ್ಲಿ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು, ೧೯೫೪ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಸ್ಥಾಪಿತವಾಗುವುದಕ್ಕೆ ಹದಿಮೂರು ವರ್ಷ ಮೊದಲು. ಮೊದಲು ಅನ್ನ, ಆಮೇಲೆ ಶಾಲೆ ಎಂಬ ಈ ಕ್ರಮ ವಿಚಾರಯೋಗ್ಯವಾದುದು. ಪ್ರಸಾದನಿಲಯವೆಂದರೆ ಹೊಟ್ಟೆ ತುಂಬುವ ಸ್ಥಳ ಮಾತ್ರವಲ್ಲ. ಪಂಕ್ತಿಯಲ್ಲಿ ಎಡಬಲಗಳಲ್ಲಿ ಕುಳಿತವರು ಒಬ್ಬನು ಎರಡು ದಿನ ಬಾರದಿದ್ದರೆ ಗಮನಿಸುತ್ತಾರೆ. ನಾನು ಹೇಳಿದ ಹುಡುಗ ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಇದ್ದ. ಒಂಟಿಕೋಣೆಯ ಅನುಕೂಲವನ್ನು ಹೊಗಳುವ ತಂದೆತಾಯಿಗಳು ಇದನ್ನು ಯೋಚಿಸಬೇಕು.

ಹೆಣ್ಣುಮಕ್ಕಳ ಪಾಡು ಬೇರೆ ಬಗೆಯದು. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ನಂಜನಗೂಡು, ತಿ. ನರಸೀಪುರಗಳಿಂದ ದಿನವೂ ಬಂದು ಹೋಗುವುದು ಸುಲಭವಾಯಿತು. ಆದರೆ ಹೀಗೆ ಬರುವವಳು ಮುಂಜಾನೆ ಮನೆಗೆಲಸ ಮುಗಿಸಿ, ಸಂಜೆ ಗ್ರಂಥಾಲಯದತ್ತ ತಿರುಗದೆ ಬಸ್ಸಿಗೆ ಓಡಬೇಕಾದರೆ, ಟಿಕೆಟ್ಟಿನ ಹಣ ಉಳಿದು ಓದಿನ ಹೊತ್ತು ಹೋಯಿತು. ಮೊದಲ ವರ್ಷವಾದರೂ ಆಕೆಯ ಪಾಲಿನ ಕೆಲಸವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳಲಾಗದೆ? ಕಾಯಕಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲವೆಂದು ವೇದಿಕೆಯ ಮೇಲೆ ಹೇಳುವವರು ನಾವೇ ಅಲ್ಲವೆ?

ಗೃಹಸ್ಥರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಒಂದು ಪತ್ರಿಕೆಯಲ್ಲಿ ಅನುತ್ತೀರ್ಣನಾದವನು ಅದನ್ನು ಮತ್ತೆ ಬರೆಯಬಹುದು. ವರ್ಷವೇ ಮುಳುಗಿತೆಂದು ಭಾವಿಸಬೇಕಾಗಿಲ್ಲ. ಹಾಜರಾತಿಯ ಕೊರತೆಯೇ ಹೆಚ್ಚು ಅಪಾಯಕರ. ಸಾಮಾನ್ಯವಾಗಿ ನೂರಕ್ಕೆ ೭೫ರಷ್ಟು ಹಾಜರಿಲ್ಲದವನನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಆದುದರಿಂದ "ಎಷ್ಟು ಅಂಕ ಬಂತು?" ಎಂಬ ಪ್ರಶ್ನೆಯನ್ನು ಆರು ತಿಂಗಳು ಬದಿಗಿರಿಸಿ, "ಇವತ್ತು ಯಾರ ಜೊತೆ ಊಟ ಮಾಡಿದೆ? ಯಾವ ಪಾಠ ತಿಳಿಯಲಿಲ್ಲ?" ಎಂದು ಕೇಳಿರಿ. ಹಿರಿಯ ವಿದ್ಯಾರ್ಥಿಗಳ ಕಾಟವಿದ್ದರೆ ಮುಚ್ಚಿಡಬಾರದು; ಅದನ್ನು ತಡೆಯುವ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಗಳು ೨೦೦೯ರಿಂದ ಜಾರಿಯಲ್ಲಿವೆ. ಮಗು ಊಟ ನಿದ್ರೆ ಬಿಟ್ಟು ಬದುಕೇ ಬೇಡವೆಂಬಂತೆ ಮಾತನಾಡಿದರೆ ಬುದ್ಧಿವಾದ ಹೇಳುತ್ತ ಕೂಡದೆ ಆಗಲೇ ಹೊರಟು ಹೋಗಿ ಜೊತೆಯಲ್ಲಿರಬೇಕು. ವೈದ್ಯರ ಬಳಿಗೆ ಕರೆದೊಯ್ಯಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ೧೪೪೧೬ ಸಂಖ್ಯೆಗೆ, ಹಗಲಿರುಳೆನ್ನದೆ ಕರೆಮಾಡಬಹುದು.

ಆ ಹುಡುಗನ ವಿಷಯವನ್ನು ಅರ್ಧದಲ್ಲಿಯೇ ಬಿಟ್ಟೆ. ಅವನ ದನಿಯಲ್ಲಿನ ವ್ಯತ್ಯಾಸವನ್ನು ಗುರುತಿಸಿದವಳು ತಾಯಿ. ಅಪ್ಪಾಜಿ ಹೇಳದೆ ಕೇಳದೆ ಬಸ್ಸು ಹತ್ತಿ ಬಂದರು. ಗದರಲಿಲ್ಲ, ಒಂದು ರಾತ್ರಿ ಆ ಕೋಣೆಯಲ್ಲಿಯೇ ಮಲಗಿದರು. ಮರುದಿನ ಮಗನು ಎಲ್ಲವನ್ನೂ ಹೇಳಿದ. ಎರಡನೆಯ ಸೆಮಿಸ್ಟರಿಗೆ ಅವನನ್ನು ಒಂದು ಪ್ರಸಾದನಿಲಯಕ್ಕೆ ಸೇರಿಸಿದರು. ಅಲ್ಲಿ ಅವನಿಗೆ ಗಣಿತವನ್ನು ಹೇಳಿಕೊಟ್ಟವನು ಪಿ.ಯು.ಸಿ.ಯಲ್ಲಿ ಅವನಿಗಿಂತ ಕಡಿಮೆ ಅಂಕ ಪಡೆದಿದ್ದ, ವಯಸ್ಸಿನಲ್ಲಿಯೂ ಕಿರಿಯನಾದ ಸಹಪಾಠಿ. ರಾತ್ರಿಯ ಪ್ರಸಾದವಾದ ಮೇಲೆ ಊಟದ ಮನೆಯ ಜಗಲಿಯಲ್ಲಿ ಇಬ್ಬರೂ ಕುಳಿತುಕೊಳ್ಳುತ್ತಿದ್ದರು. ಮೊದಲ ಕೆಲವು ದಿನ ಇವನು ತಿಳಿಯಿತೆಂದು ಸುಮ್ಮನೆ ತಲೆಯಾಡಿಸುತ್ತಿದ್ದನಂತೆ. ಒಂದು ರಾತ್ರಿ ಪುಸ್ತಕವನ್ನು ಮುಚ್ಚಿ, "ತಮ್ಮಾ, ನನಗೆ ಮೊದಲ ಪುಟವೇ ತಿಳಿಯಲಿಲ್ಲ" ಎಂದನು. ಆ ಕಿರಿಯನು ಮೊದಲ ಪುಟವನ್ನು ತೆರೆದನು.