ಗುಂಪು, ಅನುವರ್ತನೆ, ಪೂರ್ವಗ್ರಹ: ಪರೀಕ್ಷಾ ಟಿಪ್ಪಣಿ

ಗುಂಪಿನ ಒತ್ತಡಕ್ಕೆ ಮಣಿದು ಅಭಿಪ್ರಾಯ ಇಲ್ಲವೇ ನಡೆಯನ್ನು ಬದಲಿಸಿಕೊಳ್ಳುವುದೇ ಅನುವರ್ತನೆ. ಇಲ್ಲಿ ಎರಡು ಪ್ರಯೋಗಗಳು ಸುಲಭವಾಗಿ ಅದಲುಬದಲಾಗುತ್ತವೆ. ಮುಜಾಫರ್ ಷೆರೀಫ್ (1935) ಬಳಸಿದ್ದು ಕತ್ತಲೆ ಕೋಣೆಯಲ್ಲಿ ಅಲುಗಾಡುವಂತೆ ಕಾಣುವ ಬೆಳಕಿನ ಚುಕ್ಕೆ. ಉತ್ತರ ಯಾರಿಗೂ ಖಚಿತವಿಲ್ಲದ್ದರಿಂದ ಜನ ಪರಸ್ಪರರ ಅಂದಾಜನ್ನು ನೆಚ್ಚಿದರು. ಸಾಲೊಮನ್ ಆಶ್ (1951) ಗೆರೆಗಳ ಉದ್ದ ಹೋಲಿಸಲು ಹೇಳಿದರು. ಉತ್ತರ ಕಣ್ಣಿಗೆ ರಾಚುವಷ್ಟು ಸ್ಪಷ್ಟ. ಆದರೂ ಮೊದಲೇ ಹೇಳಿಕೊಟ್ಟು ಕೂರಿಸಿದ್ದವರು ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮೂರನೇ ಒಂದು ಪಾಲು ಉತ್ತರಗಳು ಅದೇ ಹಾದಿ ಹಿಡಿದವು. ಒಬ್ಬನೇ ಒಬ್ಬ ಸರಿ ಹೇಳಿದರೂ ಈ ಪ್ರಮಾಣ ತೀರಾ ಕುಸಿಯುತ್ತಿತ್ತು. ಗುರುತು ಹಾಕಿಕೊಳ್ಳಬೇಕಾದ ಅಂಶವಿದು.

ಪೂರ್ವಗ್ರಹಕ್ಕೆ ಹಳೆಯ ಹಗೆ ಬೇಕಿಲ್ಲ ಎಂದು ತೋರಿಸಿದವರು ಹೆನ್ರಿ ತಾಜ್‌ಫೆಲ್. 1970ರ ಸುಮಾರಿಗೆ ಬ್ರಿಸ್ಟಲ್‌ನ ಶಾಲಾ ಹುಡುಗರಿಗೆ ಕ್ಲೇ, ಕ್ಯಾಂಡಿನ್‌ಸ್ಕಿ ಎಂಬ ಕಲಾವಿದರ ಚಿತ್ರಗಳನ್ನು ತೋರಿಸಿ, ಇಷ್ಟದ ನೆಪ ಹೇಳಿ, ನಿಜವಾಗಿ ಮನಬಂದಂತೆ ಎರಡು ಗುಂಪು ಮಾಡಲಾಯಿತು. ತನ್ನ ಗುಂಪಿನಲ್ಲಿ ಯಾರಿದ್ದಾರೆಂದೇ ಹುಡುಗನಿಗೆ ಗೊತ್ತಿಲ್ಲ. ಎರಡೂ ಗುಂಪಿನವರಿಗೆ ಅವನು ಹಂಚಬೇಕಾದ ಹಣದಲ್ಲಿ ತನಗೆ ಕಾಸೂ ಇಲ್ಲ. ಆದರೂ ಒಳಗುಂಪಿನತ್ತಲೇ ಕೈ ವಾಲಿತು. ವಿಚಿತ್ರವೆಂದರೆ, ಎದುರು ಗುಂಪಿಗಿಂತ ಮುಂದಿರುವುದಾದರೆ ಸ್ವಂತ ಗುಂಪಿನ ಗಳಿಕೆ ತಗ್ಗಿದರೂ ಅನೇಕರಿಗೆ ಒಪ್ಪಿಗೆಯಿತ್ತು! ಇದರಿಂದ ಬೆಳೆದದ್ದು ತಾಜ್‌ಫೆಲ್ ಮತ್ತು ಟರ್ನರ್ ಅವರ ಸಾಮಾಜಿಕ ಅಸ್ಮಿತೆ ಸಿದ್ಧಾಂತ (1979).

1954ನ್ನು ಎರಡು ಕಾರಣಕ್ಕೆ ನೆನಪಿಡಿ. ಗಾರ್ಡನ್ ಆಲ್‌ಪೋರ್ಟ್ ಅವರ ‘ದಿ ನೇಚರ್ ಆಫ್ ಪ್ರೆಜುಡಿಸ್’ ಪ್ರಕಟವಾಯಿತು. ಒಕ್ಲಹೋಮಾದ ರಾಬರ್ಸ್ ಕೇವ್ ಶಿಬಿರದಲ್ಲಿ ಷೆರೀಫ್ 22 ಬಾಲಕರನ್ನು ಎರಡು ಬಣ ಮಾಡಿ ಸ್ಪರ್ಧೆಗಿಳಿಸಿದರು. ಜೊತೆಯಲ್ಲಿ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ. ಕೆಟ್ಟುನಿಂತ ನೀರಿನ ವ್ಯವಸ್ಥೆಯನ್ನು ಕೂಡಿ ಸರಿಪಡಿಸಬೇಕಾದಂಥ ಕೆಲಸಗಳು ಎದುರಾದ ಮೇಲಷ್ಟೇ ಹಗೆ ಇಳಿಯಿತು.