ಮೂಲ ಅಂಕಪಟ್ಟಿ ಎಲ್ಲಿ ಮೇಡಂ?

ಖೋ ಖೋದ ಗಂಧಗಾಳಿ ಇಲ್ಲದವಳು ತಂಡದ ಮ್ಯಾನೇಜರ್ ಆಗಿ ಹೋಗಿ ಬಂದಳು ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಈಗಲೂ ನಗುತ್ತಾರೆ. ನಗಲಿ. ಆಟ ನನಗೆ ಗೊತ್ತಿರಲಿಲ್ಲ, ನಿಜ. ಆದರೆ ನಮ್ಮನ್ನು ಅಂಗಳಕ್ಕೆ ಇಳಿಯಗೊಡದೇ ವಾಪಸ್ ಕಳಿಸಲು ಹೊರಟದ್ದು ಆಟವಲ್ಲ, ಕಾಗದ. ಕಾಗದದ ಮಟ್ಟಿಗೆ ಆ ದಿನ ಮೈದಾನದಲ್ಲಿದ್ದ ಸೀಟಿ ಕಟ್ಟಿಕೊಂಡ ಯಾರಿಗಿಂತಲೂ ನಾನು ಕಡಿಮೆ ಇರಲಿಲ್ಲ. ಮುಂದಿನ ವರ್ಷ ನನ್ನ ಜಾಗದಲ್ಲಿ ನಿಲ್ಲುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಹೊಟ್ಟೆಯುರಿಗೂ ಬರೆಯುತ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ.

ಬನವಾಸಿ ಹೋಬಳಿಯ ಒಂದು ಸರ್ಕಾರಿ ಪದವಿ ಪೂರ್ವ ಕಾಲೇಜಿನಲ್ಲಿ ನಾನು ಕನ್ನಡ ಉಪನ್ಯಾಸಕಿ. ಪಂಪ ಹಂಬಲಿಸಿದ ಊರಿನ ಮಗ್ಗುಲಲ್ಲೇ ಕೂತು ಮಕ್ಕಳಿಗೆ ಪಂಪನನ್ನು ಹೇಳಿಕೊಡುವ ಭಾಗ್ಯ ನನ್ನದು. ನಮ್ಮಲ್ಲಿ ದೈಹಿಕ ಶಿಕ್ಷಣಕ್ಕೆ ಉಪನ್ಯಾಸಕರಿಲ್ಲ. ಹೈಸ್ಕೂಲಿನವರೆಗೆ ಪಿ.ಟಿ. ಮಾಸ್ತರರ ಸೀಟಿಗೆ ಓಡಿದ ಮಕ್ಕಳಿಗೆ ಪಿಯುಸಿಗೆ ಬಂದ ಕೂಡಲೇ ಸೀಟಿ ಊದುವವರೇ ಇರುವುದಿಲ್ಲ. ಇನ್ನೊಂದು ಫಜೀತಿಯೂ ಇದೆ. ಹೈಸ್ಕೂಲಿಗಾದರೆ ಶಿರಸಿಯದೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳದ ಕಡೆಯವರು ಘಟ್ಟದ ಮೇಲೆಯೇ ಆಡಿ ಮುಗಿಸುತ್ತಾರೆ. ಪಿಯುಸಿಗೆ ಹಾಗಿಲ್ಲ. ಉಪನಿರ್ದೇಶಕರ ಕಚೇರಿ ಕಾರವಾರದಲ್ಲಿ, ಜೋಯಿಡಾದಿಂದ ಭಟ್ಕಳದವರೆಗೆ 12 ತಾಲೂಕುಗಳಿಗೂ ಅದೊಂದೇ ಜಿಲ್ಲೆ. ನಿನ್ನೆಯವರೆಗೆ ಘಟ್ಟ ಇಳಿಯದೇ ಗೆದ್ದ ಹುಡುಗಿ ಹದಿನೇಳಕ್ಕೆ ಕಾಲಿಟ್ಟ ಮೇಲೆ ಘಟ್ಟ ಇಳಿಯಲೇಬೇಕು. ಅದೂ ಮನೆಯವರು ಹೊರಗೆ ಕಳಿಸಲು ಹಿಂದೆಮುಂದೆ ನೋಡುವ ವಯಸ್ಸಿನಲ್ಲಿ.

ಹೆಣ್ಣುಮಕ್ಕಳ ತಂಡ ಹೊರಟರೆ ಜೊತೆಗೆ ಮಹಿಳಾ ಸಿಬ್ಬಂದಿ ಇರಬೇಕು. ನಮ್ಮಲ್ಲಿ ಇದ್ದವರು ಇಬ್ಬರು. ಇನ್ನೊಬ್ಬರಿಗೆ ಎಳೆ ಕೂಸು. ಹೀಗೆ ಉಸ್ತುವಾರಿ ಪಟ್ಟಿಯಲ್ಲಿ ನನ್ನ ಹೆಸರು ಬಿತ್ತು.

ಆಟದ ಹುಚ್ಚು ಹತ್ತಿಸಿದ್ದು ನಾನಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋದ ಮೊದಲ ವಿಶ್ವಕಪ್ ನಡೆಯಿತಲ್ಲ, ಗಂಡಸರು ಹೆಂಗಸರು ಎರಡೂ ಕಪ್ ಭಾರತಕ್ಕೇ ಬಂದವು. ಮಹಿಳಾ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಹಳ್ಳಿ ಹುಡುಗಿ, ನಮ್ಮ ಹಾಗೇ, ಎಂದು ಮೊಬೈಲಿನಲ್ಲಿ ತುಣುಕು ತೋರಿಸಿ ಮಕ್ಕಳೇ ನನ್ನ ಬೆನ್ನುಬಿದ್ದರು. ಕಂಬ ಎಲ್ಲಿಂದ ತರುವುದು? ಒಬ್ಬಳ ಮನೆಯ ತೋಟದಲ್ಲಿ ಗಾಳಿಗೆ ಬಿದ್ದ ಅಡಿಕೆ ಮರವಿತ್ತು. ಅದನ್ನೇ ಕೊಯ್ದು, ಸಿಬಿರು ಕೆತ್ತಿ ನುಣುಪು ಮಾಡಿ ನೆಟ್ಟೆವು. ನಿಯಮದ ಪ್ರಕಾರ ಕಂಬ ನೆಲದ ಮೇಲೆ 120ರಿಂದ 125 ಸೆಂಟಿಮೀಟರ್ ಇರಬೇಕು, ಅಳತೆ ಟೇಪು ಹಿಡಿದು ನಾನೇ ನೋಡಿದೆ. ಪಕ್ಕದ ಊರಿನ ನಿವೃತ್ತ ಪಿ.ಟಿ. ಮಾಸ್ತರರೊಬ್ಬರು ಬೆಳಗಿನ ಹೊತ್ತು ಬಂದು ಕಂಬದ ತಿರುವು ಕಲಿಸಿಕೊಟ್ಟರು. ಸಂಭಾವನೆ ಎಂದರೆ ಚಹಾ. ಆಟದ ಕಟ್ಟುನಿಟ್ಟು ನನಗೂ ರುಚಿಸಿತು. ಕೂತವಳ ಬೆನ್ನು ಮುಟ್ಟಿ ‘ಖೋ’ ಅಂದ ಮೇಲೆಯೇ ಅವಳು ಏಳಬೇಕು. ಎದ್ದವಳು ಹಿಡಿದ ದಿಕ್ಕು ಬಿಡುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಛಂದಸ್ಸು ಕಲಿಸುವವಳಿಗೆ ಇದೇನು ಕಷ್ಟವಲ್ಲ.

ಶಿರಸಿಯಲ್ಲಿ ತಾಲೂಕು ಮಟ್ಟ ಗೆದ್ದೆವು. ಪೇಟೆಯ ಕಾಲೇಜುಗಳ ತಂಡಗಳಿಗೆ ಒಂದೇ ನಮೂನೆಯ ಬೂಟು, ನಮ್ಮವರಲ್ಲಿ ಅರ್ಧ ಜನ ಬರಿಗಾಲು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಎಲ್ಲ ಸರಾಗವಾಯಿತು.

ತಕರಾರು ಶುರುವಾದದ್ದು ಊರಿನಲ್ಲಿ. ನಮ್ಮಲ್ಲಿ ಬೆನ್ನಟ್ಟುವುದರಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿಯ ಅಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಅವಳ ಚಿಕ್ಕಪ್ಪ ಮಾತ್ರ ಕಾಲೇಜಿಗೇ ಬಂದರು. “ಓದಾಕೆ ಕಳಿಸಿದ್ದು, ಕುಣಿಯಾಕೆ ಅಲ್ಲ. ಸೈನ್ಸ್ ತಗಂಡಾಳೆ, ಸಿಇಟಿ ಅದೆ. ಕಡಿಮೆ ಬಂದ್ರೆ ನೀವು ಸೀಟು ಕೊಡಸ್ತೀರಾ?” ಎಂದು ಪ್ರಾಂಶುಪಾಲರ ಎದುರೇ ಕೇಳಿದರು. ಆ ಮಹಾರಾಯರು ಅಣ್ಣನ ಮಗಳ ಓದಿಗೆಂದು ಒಂದು ನೋಟ್‌ಬುಕ್ ಕೊಡಿಸಿದ ದಾಖಲೆ ಇಲ್ಲ. ಆದರೆ ಊರಿನಲ್ಲಿ ಅವರ ಮಾತು ನಡೆಯುತ್ತದೆ. ಹುಡುಗಿಯ ಅಮ್ಮ ಸಂಜೆ ನನಗೆ ಫೋನ್ ಮಾಡಿ, “ನೀವು ಬಂದು ಒಂದು ಮಾತು ಹೇಳಿ ಮೇಡಂ” ಎಂದರು. ಹೋದೆ. ಅನಾನಸ್ ಗದ್ದೆಯ ಬದುವಿನ ಮೇಲೆ ನಿಂತು, ಪಿಯು ಇಲಾಖೆಗೆ ಬೇಕಾದ್ದು ಶೇ. 75 ಹಾಜರಾತಿ, ಇವಳದು ಅದಕ್ಕಿಂತ ಎಷ್ಟೋ ಮೇಲಿದೆ ಎಂದು ಲೆಕ್ಕ ತೋರಿಸಿದೆ. ಚಿಕ್ಕಪ್ಪ ಲೆಕ್ಕ ನೋಡಲಿಲ್ಲ. ಅಜ್ಜಿ “ಹೋಗ್ಲಿ ಬಿಡೋ” ಎಂದದ್ದಕ್ಕೆ ಸುಮ್ಮನಾದರು.

ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನು ನಂಬುವಂತಿಲ್ಲ, ಯಾವಾಗ ಮಣ್ಣು ಜಾರುತ್ತದೋ. ಸಿದ್ದಾಪುರದ ಮೇಲಿಂದ ಸುತ್ತಿ ಜಿಲ್ಲಾ ಕೂಟದ ಹಿಂದಿನ ದಿನವೇ ಕರಾವಳಿಗೆ ಇಳಿದೆವು. ‘ಶಕ್ತಿ’ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಹುಡುಗರ ವಾಲಿಬಾಲ್ ತಂಡ ಬಸ್ ಚಾರ್ಜಿಗೆ ಚಂದಾ ಎತ್ತುತ್ತಿದ್ದಾಗ ಹುಡುಗಿಯರು ಶೂನ್ಯ ಟಿಕೆಟ್ ಬೀಸಿ ತೋರಿಸಿ ಕಾಡಿಸಿದ್ದೇ ಕಾಡಿಸಿದ್ದು. ರಾತ್ರಿ ವಸತಿ ಶಾಲೆಯೊಂದರ ತರಗತಿ ಕೋಣೆಯಲ್ಲಿ. ಸೆಕೆ, ಸೊಳ್ಳೆ, ನೀರು ಬಾರದ ಶೌಚಾಲಯ. ಇದೆಲ್ಲ ಗೊತ್ತಿದ್ದದ್ದೇ.

ಬೆಳಿಗ್ಗೆ ಎಂಟೂವರೆಗೆ ನೋಂದಣಿ ಮೇಜು. ಅರ್ಹತಾ ನಮೂನೆ, ಫೋಟೊ, ಪ್ರಾಂಶುಪಾಲರ ಸಹಿ, ಎಸ್ಎಸ್ಎಲ್‌ಸಿ ಅಂಕಪಟ್ಟಿಯ ದೃಢೀಕೃತ ನಕಲು ಎಲ್ಲವನ್ನೂ ಕ್ರಮವಾಗಿ ಪಿನ್ ಮಾಡಿ ಕೊಟ್ಟೆ. ಹತ್ತೊಂಬತ್ತರ ಒಳಗಿನವರ ಕೂಟ. ಹುಟ್ಟಿದ ದಿನಾಂಕಕ್ಕೆ ಎಸ್ಎಸ್ಎಲ್‌ಸಿ ಅಂಕಪಟ್ಟಿಯೇ ಆಧಾರ. ಮೇಜಿನ ಹಿಂದಿದ್ದ ಅಧಿಕಾರಿ ಮೊದಲ ಹಾಳೆ ತಿರುವಿ, ತಲೆ ಎತ್ತದೇ, “ಮೂಲ ಅಂಕಪಟ್ಟಿ ಎಲ್ಲಿ ಮೇಡಂ?” ಎಂದರು.

“ಸುತ್ತೋಲೆಯಲ್ಲಿ ದೃಢೀಕೃತ ನಕಲು ಎಂದಿದೆ” ಎಂದು ಸುತ್ತೋಲೆಯನ್ನೇ ತೆಗೆದು ಮೇಜಿನ ಮೇಲೆ ಇಟ್ಟೆ. ಆ ಸಾಲಿಗೆ ಹಳದಿ ಬಣ್ಣವನ್ನೂ ಬಳಿದಿದ್ದೆ, ಪಾಠ ಮಾಡುವವಳ ಚಟ. ಅವರು ಓದಿದರು. ಓದಿ, “ಅದು ಮೊದಲಿನದು. ಮೊನ್ನೆ ಮೀಟಿಂಗಿನಲ್ಲಿ ಬಾಯಲ್ಲಿ ಹೇಳಿದೀವಿ, ಮೂಲ ತರಬೇಕು ಅಂತ” ಎಂದರು. ಆ ಮೀಟಿಂಗಿಗೆ ಕರೆದದ್ದು ದೈಹಿಕ ಶಿಕ್ಷಣ ಉಪನ್ಯಾಸಕರನ್ನು. ಆ ಉಪನ್ಯಾಸಕರೇ ಇಲ್ಲದ ಕಾಲೇಜಿಗೆ ಬಾಯಿಮಾತು ಯಾವ ಬಾಯಿಂದ ತಲುಪಬೇಕು?

ಮೂಲ ಅಂಕಪಟ್ಟಿಗಳು ಎಲ್ಲಿರುತ್ತವೆ ಎಂದು ಪಿಯು ಕಾಲೇಜಿನವರಿಗೆ ಹೇಳಬೇಕಿಲ್ಲ. ದಾಖಲಾತಿಯ ದಿನ ತೆಗೆದುಕೊಂಡು ಕಚೇರಿಯ ಕಪಾಟಿನಲ್ಲಿ ಇಡುತ್ತೇವೆ. ಕಪಾಟಿನ ಕೀಲಿ ಗುಮಾಸ್ತರ ಬಳಿ. ಗುಮಾಸ್ತರು ಚೌತಿ ಹಬ್ಬದ ರಜೆಯನ್ನು ಎಳೆದು ಮುಂಡಗೋಡ ಕಡೆಯ ತಮ್ಮ ಊರಿನಲ್ಲಿ.

“ಡಿಜಿಲಾಕರ್‌ನಲ್ಲಿ ತೋರಿಸುತ್ತೇನೆ” ಎಂದೆ. ಅಂಕಪಟ್ಟಿ ಅದರಲ್ಲಿ ಇರುತ್ತದೆ, ಕಾನೂನಿನಲ್ಲಿ ಅದಕ್ಕೆ ಮೂಲದಷ್ಟೇ ಮಾನ್ಯತೆಯೂ ಇದೆ. ಅಧಿಕಾರಿ “ಮೊಬೈಲ್ ಗಿಬೈಲ್ ಬೇಡ” ಎನ್ನುತ್ತಿದ್ದರೂ ತೆರೆಯಲು ಕೂತೆವು. ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ನಂಬರು ಅಪ್ಪಂದಿರದು. ಅಪ್ಪಂದಿರು ಗದ್ದೆಯಲ್ಲಿ, ತೋಟದಲ್ಲಿ, ನೆಟ್‌ವರ್ಕ್ ಇಲ್ಲದ ಮೂಲೆಯಲ್ಲಿ. ಹನ್ನೆರಡು ಮಕ್ಕಳಲ್ಲಿ ಮೂವರದು ಮಾತ್ರ ತೆರೆಯಿತು.

ಒಂಬತ್ತೂಮುಕ್ಕಾಲಿಗೆ ಮೈಕಿನಲ್ಲಿ ಪಂದ್ಯಗಳ ಪಟ್ಟಿ ಓದಿದರು. ಶಿರಸಿ ಎರಡನೇ ಪಂದ್ಯ. ಮಕ್ಕಳು ಬೂಟಿನ ಲೇಸು ಬಿಗಿದು, ಇಲ್ಲದವರು ಕಾಲಿಗೆ ಪಟ್ಟಿ ಸುತ್ತಿ ಗೆರೆಯ ಆಚೆ ನಿಂತಿದ್ದಾರೆ. ನಾನು ಮೇಜಿನ ಮುಂದೆ. ನನ್ನ ಹಿಂದೆ ಬೇರೆ ತಾಲೂಕಿನವರ ಸಾಲು ಬೆಳೆಯುತ್ತಿದೆ. “ಸೈಡಿಗೆ ನಿಲ್ಲಿ ಮೇಡಂ, ಬೇರೆಯವರಿಗೆ ತೊಂದರೆ ಆಗ್ತದೆ” ಎಂದರು. ನಿಲ್ಲಲಿಲ್ಲ. ಸೈಡಿಗೆ ನಿಂತವರ ಕಡತ ಸೈಡಿಗೇ ಉಳಿಯುತ್ತದೆ ಎಂದು ಸರ್ಕಾರಿ ನೌಕರಿಯಲ್ಲಿ ಇಷ್ಟು ವರ್ಷ ಇದ್ದ ನನಗೆ ಗೊತ್ತು. “ಬರಹದಲ್ಲಿ ಕೊಡಿ. ಸುತ್ತೋಲೆಯಂತೆ ದಾಖಲೆ ತಂದ ತಂಡವನ್ನು ಕೈಬಿಟ್ಟಿದ್ದೇವೆ ಎಂದು ಬರೆದು ಸಹಿ ಹಾಕಿ. ತೆಗೆದುಕೊಂಡು ಹೋಗುತ್ತೇನೆ” ಎಂದೆ. ಧ್ವನಿ ನಡುಗುತ್ತಿತ್ತು, ಅದು ಅವರಿಗೂ ಕೇಳಿಸಿರಬೇಕು. ಅವರು ಪೆನ್ನು ಮುಚ್ಚಿಟ್ಟು ಮೊದಲ ಸಲ ನನ್ನ ಮುಖ ನೋಡಿದರು. “ಹೆಣ್ಣುಮಕ್ಕಳನ್ನ ಕರ್ಕೊಂಡು ಬರೋರು ಸ್ವಲ್ಪ ತಿಳ್ಕೊಂಡು ಬರಬೇಕಪ್ಪ” ಎಂದು ಪಕ್ಕದವರಿಗೆ ಹೇಳಿದರು, ನನಗಲ್ಲ.

ಆ ಮಾತನ್ನು ನಾನು ಇನ್ನೂ ಮರೆತಿಲ್ಲ. ಮರೆಯುವ ಇರಾದೆಯೂ ಇಲ್ಲ.

ಸಾಲಿನಲ್ಲಿದ್ದ ಘಟ್ಟದ ಮೇಲಿನ ಇನ್ನೊಂದು ತಾಲೂಕಿನ ದೈಹಿಕ ಶಿಕ್ಷಕರೊಬ್ಬರು ಮುಂದೆ ಬಂದು, “ಉಳಿದ ಪಂದ್ಯಗಳನ್ನ ಮೊದಲು ಆಡಿಸಿ. ನಮ್ಮದು ಶಿರಸಿಯವರದ್ದು ಕಡೆಗೆ ಇಡಿ, ಅಷ್ಟರಲ್ಲಿ ಮೂಲ ತರಿಸ್ತಾರೆ” ಎಂದರು. ಎದುರಾಳಿ ತಂಡದವರು! ವಾಕ್‌ಓವರ್ ಪಡೆದು ಸುಮ್ಮನೆ ಮುಂದೆ ಹೋಗಬಹುದಿತ್ತು. ಅಧಿಕಾರಿ ಗಡಿಯಾರ ನೋಡಿ ಮಧ್ಯಾಹ್ನ ಎರಡು ಗಂಟೆಯವರೆಗೆ ಗಡುವು ಕೊಟ್ಟರು.

ನಮ್ಮ ನಾಯಕಿಯ ಅಪ್ಪ ಅನಾನಸ್ ಲೋಡಿನ ಪಿಕಪ್ ಓಡಿಸುವವರು. ಮುಂಡಗೋಡ ರಸ್ತೆಗೆ ಹೋಗಿ ಗುಮಾಸ್ತರಿಂದ ಕೀಲಿ ಇಸಿದುಕೊಂಡು, ಕಾಲೇಜಿಗೆ ಬಂದು, ಪ್ರಾಂಶುಪಾಲರ ಎದುರು ಕಪಾಟು ತೆಗೆಸಿ, ನಂಬಬಾರದ ದೇವಿಮನೆಯಲ್ಲೇ ಇಳಿದು ಬಂದರು. ಅವರು ಗೇಟಿನೊಳಗೆ ಬಂದಾಗ ಗಡುವು ದಾಟಲು ಸ್ವಲ್ಪವೇ ಬಾಕಿ. ಅಷ್ಟು ಹೊತ್ತೂ ಮಕ್ಕಳು ಬಿಸಿಲಿಗೆ ಕೂತಿದ್ದರು, ಊಟಕ್ಕೆ ಕರೆದರೂ ಏಳಲಿಲ್ಲ. ಕಡತ ಒಯ್ದು ಕೊಟ್ಟೆ. ಅಧಿಕಾರಿ ಹನ್ನೆರಡರಲ್ಲಿ ಎರಡು ಅಂಕಪಟ್ಟಿ ತೆರೆದು ನೋಡಿ, “ಸರಿ, ಇಳಿಸಿ” ಎಂದರು. ಉಳಿದ ಹತ್ತನ್ನು ಮುಟ್ಟಲೂ ಇಲ್ಲ.

ಆಮೇಲೆ ಆಡಿದ್ದು ಬೇಗ ಹೇಳಿ ಮುಗಿಸಬಹುದು. ಬೆಳಗಿನಿಂದ ಕೂತ ಕಾಲುಗಳು ಮೊದಲ ಸರದಿಯಲ್ಲಿ ಏಳಲೇ ಇಲ್ಲ; ಎರಡನೆಯದರಲ್ಲಿ ಎದ್ದವು. ಕರಾವಳಿಯ ಮರಳು ನೆಲಕ್ಕೆ ನಮ್ಮ ಕೆಂಪು ಮಣ್ಣಿನ ಪಾದಗಳು ಹೊಂದಿಕೊಂಡವು. ಫೈನಲ್ ತಲುಪಿದೆವು, ಫೈನಲ್‌ನಲ್ಲಿ ಎರಡು ಅಂಕಕ್ಕೆ ಸೋತೆವು. ನಮ್ಮ ಚುರುಕಿನ ಹುಡುಗಿಯನ್ನು ಜಿಲ್ಲಾ ತಂಡಕ್ಕೆ ಆಯ್ಕೆ ಮಾಡಿದರು. ಪತ್ರಿಕೆಯಲ್ಲಿ ಬಂದ ಅವಳ ಫೋಟೊಗೆ ಲ್ಯಾಮಿನೇಶನ್ ಮಾಡಿಸಿ ತಮ್ಮ ಅಂಗಡಿಯ ಗಲ್ಲೆಯ ಹಿಂದೆ ತೂಗು ಹಾಕಿದವರು ಯಾರೆಂದುಕೊಂಡಿರಿ? ಚಿಕ್ಕಪ್ಪ. “ನಾನೇ ಕಳಿಸಿದ್ದು” ಎನ್ನುತ್ತಾರಂತೆ.

ನಮ್ಮ ಕಾಡಿನ ಮಕ್ಕಳ ಕಾಲಿನಲ್ಲಿ ಬಲವಿದೆ ಎಂದು ಸರ್ಕಾರಕ್ಕೆ ಯಾರೂ ಹೊಸದಾಗಿ ಹೇಳಬೇಕಿಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಮಕ್ಕಳನ್ನು ಹುಡುಕಿ ತರಬೇತಿ ಕೊಟ್ಟಿತ್ತು. ಕಮಲಾ ಸಿದ್ದಿಯಂಥ ಓಟಗಾರ್ತಿ ಹೊರಬಂದದ್ದು ಅಲ್ಲಿಂದ. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು, ಓಡುತ್ತಿದ್ದವರು ಮನೆಗೆ ಮರಳಿದರು. ಮಕ್ಕಳು ನಿಂತದ್ದಲ್ಲ, ಕಚೇರಿ ನಿಂತದ್ದು.

ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳುತ್ತೇನೆ ಎಂದಿದ್ದೆನಲ್ಲ. ಸುತ್ತೋಲೆ ಏನೇ ಹೇಳಲಿ, ಮೂಲ ಅಂಕಪಟ್ಟಿಗಳನ್ನು ಪ್ರಾಂಶುಪಾಲರಿಗೆ ಸಹಿ ಹಾಕಿಕೊಟ್ಟು ನಿಮ್ಮ ಚೀಲದಲ್ಲೇ ಒಯ್ಯಿರಿ. ಡಿಜಿಲಾಕರ್ ತೆರೆಯುವ ಕೆಲಸವನ್ನು ಅಪ್ಪಂದಿರು ಮನೆಯಲ್ಲಿದ್ದಾಗ, ಮೊದಲೇ ಮುಗಿಸಿ. ಒಪ್ಪಿಗೆ ಪತ್ರಕ್ಕೆ ಅಪ್ಪನ ಸಹಿ ಸಾಕು, ಆದರೆ ಮಾತನ್ನು ಅಜ್ಜಿಯ ಹತ್ತಿರ ಆಡಿ. ಪ್ಯಾಡು, ಟಾರ್ಚು, ಸೊಳ್ಳೆ ಬತ್ತಿ ಇರಲಿ. ಜಿಲ್ಲಾ ಮಟ್ಟದ ಪ್ರಮಾಣಪತ್ರಕ್ಕೆ ಸಿಇಟಿಯಲ್ಲಿ ಸೀಟು ಬರುತ್ತದೆ ಎಂದು ಯಾವ ಮನೆಯಲ್ಲೂ ಆಸೆ ಹುಟ್ಟಿಸಬೇಡಿ. ಆಡಲಿ ಎಂದು ಕೇಳಿದರೆ ಸಾಕು, ಕಳಿಸುತ್ತಾರೆ. ಮೇಜಿನ ಮುಂದೆ ಸೈಡಿಗೆ ನಿಲ್ಲಬೇಡಿ.

ಘಟ್ಟದ ಮೇಲಿನ ಸಣ್ಣ ಕಾಲೇಜುಗಳ ಉಪನ್ಯಾಸಕಿಯರಲ್ಲಿ ಒಂದು ಕೋರಿಕೆ. ಉಸ್ತುವಾರಿ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದರೆ ಆಟ ಗೊತ್ತಿಲ್ಲವೆಂದು ಬಿಡಿಸಿಕೊಳ್ಳಬೇಡಿ. ನೀವು ಒಲ್ಲೆ ಎಂದರೆ ಅವರು ಬೇರೆಯವರನ್ನು ಹುಡುಕುವುದಿಲ್ಲ, ಮಹಿಳಾ ಸಿಬ್ಬಂದಿ ಇಲ್ಲವೆಂದು ಬರೆದು ಹೆಣ್ಣುಮಕ್ಕಳ ತಂಡವನ್ನೇ ಪಟ್ಟಿಯಿಂದ ತೆಗೆಯುತ್ತಾರೆ.