ಎಂಟು ಕುದುರೆಯಿಂದ ನಲವತ್ತೇಳಕ್ಕೆ

ನನ್ನ ಡ್ರೈವಿಂಗ್ ಲೈಸೆನ್ಸಿನಲ್ಲಿ ಬರೆದಿರುವುದು ಇಷ್ಟೇ: ಗೇರ್ ಇರುವ ಮೋಟಾರ್ ಸೈಕಲ್. ಕಾಲೇಜಿನ ದಿನಗಳಲ್ಲಿ ಯಾರದೋ ನೂರು ಸಿಸಿ ಗಾಡಿ ಕೇಳಿ ತಂದು, ಆರ್‌ಟಿಒ ಮೈದಾನದಲ್ಲಿ ಕಾಲೂರದೆ ಎಂಟು ಹಾಕಿದ್ದಕ್ಕೆ ಸಿಕ್ಕಿದ ಕಾರ್ಡು ಅದು. ಅದೇ ಕಾರ್ಡು ಜೇಬಿನಲ್ಲಿಟ್ಟುಕೊಂಡು ನಾಳೆ ಸಾವಿರ ಸಿಸಿ ಬೈಕು ತಂದರೂ ಕಾನೂನಿಗೆ ತಕರಾರಿಲ್ಲ. ಯುರೋಪಿನಲ್ಲಿ ಹಾಗಲ್ಲ. ಅಲ್ಲಿ 125 ಸಿಸಿ, 11 ಕಿಲೋವಾಟ್‌ವರೆಗೆ ಎ1 ಲೈಸೆನ್ಸು, 35 ಕಿಲೋವಾಟ್‌ವರೆಗೆ ಎ2, ಅದರಲ್ಲಿ ಎರಡು ವರ್ಷ ಪಳಗಿದ ಮೇಲೆ ಮಿತಿಯಿಲ್ಲದ ಎ. ಜಪಾನಿನವರು 400 ಸಿಸಿಗೆ ಗೆರೆ ಎಳೆದಿದ್ದಾರೆ. ನಮ್ಮಲ್ಲೂ ಒಂದು ಗೆರೆ ಇದೆ, ಆದರೆ ಅದು ತೆರಿಗೆಯದು. 2025ರ ಸೆಪ್ಟೆಂಬರಿನಿಂದ 350 ಸಿಸಿ ಒಳಗಿನ ಬೈಕಿಗೆ ಜಿಎಸ್‌ಟಿ ಶೇ. 18, ದಾಟಿದರೆ ಶೇ. 40. ದೊಡ್ಡ ಬೈಕಿನವನು ಹೆಚ್ಚು ದುಡ್ಡು ಕಟ್ಟಬೇಕು ಅನ್ನುವುದು ಸರ್ಕಾರಕ್ಕೆ ಹೊಳೆದಿದೆ, ಹೆಚ್ಚು ಕಲಿಯಬೇಕು ಅನ್ನುವುದು ಇನ್ನೂ ಹೊಳೆದಿಲ್ಲ.

ನಾನು ಸ್ಪ್ಲೆಂಡರ್ ಓಡಿಸಿಕೊಂಡು ನಡುವಯಸ್ಸಿಗೆ ಬಂದವನು. ತೊಂಬತ್ತೇಳು ಸಿಸಿ, ಎಂಟು ಕುದುರೆಯ ಆಸುಪಾಸಿನ ಶಕ್ತಿ, ನೂರಾಹತ್ತು ಕಿಲೋ ಚಿಲ್ಲರೆ ತೂಕ. ಅದರ ಮೇಲೆ ಅಕ್ಕಿ ಮೂಟೆ ಬಂದಿದೆ, ಗ್ಯಾಸ್ ಸಿಲಿಂಡರ್ ಬಂದಿದೆ, ಹೊಸದಾಗಿ ಮದುವೆಯಾದ ಹೆಂಡತಿಯೂ ಬಂದಿದ್ದಾಳೆ. ಅದರಿಂದ ಇಳಿದು ಹತ್ತಿದ್ದು ನೇರವಾಗಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ಕ್ಕೆ. ಎರಡು ಸಿಲಿಂಡರು, 648 ಸಿಸಿ, 47 ಕುದುರೆ, ಪೆಟ್ರೋಲ್ ತುಂಬಿಸಿದರೆ ಇನ್ನೂರು ಕಿಲೋ ಮೀರುವ ತೂಕ. ನಮ್ಮೂರು ತಿಪಟೂರಿನಲ್ಲಿ ಇದನ್ನು ಕಂಡವರು ‘ಎಷ್ಟ್ ಕೊಡುತ್ತೆ?’ ಎಂದು ಕೇಳುತ್ತಾರೆ. ಇಪ್ಪತ್ತೈದು ಎಂದರೆ, ಸಾವಿನ ಸುದ್ದಿ ಕೇಳಿದವರ ಮುಖ ಮಾಡಿಕೊಂಡು ಮುಂದೆ ಹೋಗುತ್ತಾರೆ. ನಮ್ಮ ಕಣ್ಣಿಗೆ ದೈತ್ಯನಂತೆ ಕಾಣುವ ಈ ಬೈಕಿನ 47 ಕುದುರೆ ಎಂದರೆ ಸರಿಸುಮಾರು 35 ಕಿಲೋವಾಟ್. ಯುರೋಪಿನ ಲೆಕ್ಕದಲ್ಲಿ ಇದು ನಡುವಿನ ಮೆಟ್ಟಿಲಿನ ಗಾಡಿ, ಹದಿನೆಂಟು ತುಂಬಿದವರು ಓಡಿಸಬಹುದಾದದ್ದು. ಇದು ಗೊತ್ತಾದ ಮೇಲೆ ನನ್ನ ಜಂಭ ಸ್ವಲ್ಪ ಇಳಿಯಿತು.

ದೊಡ್ಡ ಬೈಕೆಂದರೆ ಎಲ್ಲರೂ ಸ್ಪೀಡಿನ ಮಾತಾಡುತ್ತಾರೆ. ಮೊದಲು ಎದುರಾಗುವುದು ಸ್ಪೀಡಲ್ಲ, ತೂಕ. ಅದೂ ಗಾಡಿ ನಿಂತಿರುವಾಗ. ಸಂತೆಯ ದಿನ ಅಡ್ಡ ನಿಂತ ಸ್ಪ್ಲೆಂಡರನ್ನು ಹಿಂದಿನ ಹಿಡಿ ಹಿಡಿದು ಎತ್ತಿ ಪಕ್ಕಕ್ಕಿಡುವುದು ನಮ್ಮೂರಿನಲ್ಲಿ ಯಾರಿಗೂ ದೊಡ್ಡ ವಿಷಯವಲ್ಲ. 650ರ ವಿಷಯದಲ್ಲಿ ನಿಲ್ಲಿಸುವ ಮೊದಲೇ ಹೊರಡುವುದನ್ನು ಯೋಚಿಸಬೇಕು. ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದರೆ ವಾಪಸ್ ಎಳೆಯಲು ಇಬ್ಬರು ಬೇಕು, ಅದಕ್ಕೇ ಹಿಂಬದಿ ಮೊದಲು ಒಳಗೆ ಹಾಕಿ ನಿಲ್ಲಿಸುವುದು ರೂಢಿಯಾಯಿತು. ಮಳೆಗಾಲದಲ್ಲಿ ಮಣ್ಣಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕುವಾಗ ಕೆಳಗೊಂದು ಚಪ್ಪಟೆ ಕಲ್ಲು. ಡಬಲ್ ಸ್ಟ್ಯಾಂಡ್ ಹಾಕುವಾಗ ತೋಳಿನಿಂದ ಎತ್ತಲು ಹೋದರೆ ಸೊಂಟ ಹಿಡಿಯುತ್ತದೆ. ಸ್ಟ್ಯಾಂಡಿನ ಎರಡು ಕಾಲೂ ನೆಲಕ್ಕೆ ತಾಗಿದ್ದನ್ನು ನೋಡಿಕೊಂಡು, ಅದರ ಕೊಕ್ಕೆಯ ಮೇಲೆ ಮೈಭಾರವನ್ನೆಲ್ಲ ಬಿಟ್ಟು ನಿಂತರೆ ಬೈಕು ತಾನೇ ಹಿಂದಕ್ಕೆ ಏರಿ ಕೂರುತ್ತದೆ.

ಈ ತೂಕದ ಗುಣ ತುಂಬಿದ ಹಂಡೆಯದು: ಒಂದು ಹಂತದವರೆಗೆ ವಾಲಿದರೂ ಒಂದು ಕೈಯಲ್ಲಿ ನಿಲ್ಲುತ್ತದೆ, ಅದನ್ನು ದಾಟಿದರೆ ಎರಡು ಕೈ ಕೊಟ್ಟರೂ ನಿಲ್ಲುವುದಿಲ್ಲ. ದಾಟಿ ಹೋದಾಗ ಹಿಡಿಯಲು ಹೋಗದೆ ಬಿಟ್ಟು ಪಕ್ಕಕ್ಕೆ ಸರಿಯುವುದೇ ಬುದ್ಧಿ. ಹ್ಯಾಂಡಲ್ ಬಗ್ಗಿದರೆ ದುಡ್ಡು ಕೊಟ್ಟು ಸರಿಮಾಡಿಸಬಹುದು, ಮೊಣಕಾಲು ಹಾಗಲ್ಲ. ಬಿದ್ದ ಬೈಕನ್ನು ಎತ್ತುವುದಕ್ಕೂ ಒಂದು ರೀತಿಯಿದೆ. ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದರಲ್ಲಿ ಸೀಟಿನ ಹಿಂದಿನ ಹಿಡಿ ಹಿಡಿದು, ತೊಡೆಯ ಬಲದಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತ ಎದ್ದೇಳಬೇಕು.

ಹರಾಜಿಲ್ಲದ ದಿನ ನಮ್ಮೂರಿನ ಎಪಿಎಂಸಿ ಯಾರ್ಡು ಖಾಲಿಯಿರುತ್ತದೆ. ಕೊಬ್ಬರಿ ಮೂಟೆಗಳಿಲ್ಲದ ಆ ಸಿಮೆಂಟಿನ ನೆಲದಲ್ಲಿ ನಾನು ಮತ್ತೆ ಎಂಟು ಹಾಕಲು ಕೂತೆ. ಕಾವಲುಗಾರನಿಗೆ ಅದು ಒಳ್ಳೆಯ ಮನರಂಜನೆ. ಗಾಡಿ ನಡಿಗೆಯ ವೇಗಕ್ಕಿಂತ ಒಂದಿಷ್ಟೇ ಹೆಚ್ಚಿರುವಾಗ ಮುಂದಿನ ಬ್ರೇಕ್ ಮುಟ್ಟಬಾರದು. ಹ್ಯಾಂಡಲ್ ತಿರುಗಿದ್ದಾಗ ಅದನ್ನು ಹಿಡಿದರೆ ತೂಕವೆಲ್ಲ ಒಳಗಿನ ಕಡೆಗೆ ಕುಸಿಯುತ್ತದೆ. ರೇಸನ್ನು ಒಂದೇ ಸಮ ಇಟ್ಟು, ಹಾಫ್ ಕ್ಲಚ್ಚಿನಲ್ಲಿ ಶಕ್ತಿಯನ್ನು ಅಳೆದು ಬಿಡುತ್ತ, ಹಿಂದಿನ ಬ್ರೇಕಿನ ಮೇಲೆ ಪಾದವನ್ನು ಸುಮ್ಮನೆ ಒರಗಿಸಿದರೆ ಬೈಕು ನೆಟ್ಟಗಾಗುತ್ತದೆ. ಕಣ್ಣು ಮುಂದಿನ ಚಕ್ರವನ್ನಲ್ಲ, ಹೋಗಬೇಕಾದ ಜಾಗವನ್ನು ನೋಡಬೇಕು. ಸ್ಪ್ಲೆಂಡರಿನಲ್ಲಿ ಇದ್ಯಾವುದೂ ಬೇಕಿರಲಿಲ್ಲ, ಒಂದು ಕಾಲೂರಿದರೆ ಕೆಲಸ ಮುಗಿಯುತ್ತಿತ್ತು.

ಪಾದಕ್ಕೂ ಬುದ್ಧಿ ಹೇಳಬೇಕಾಯಿತು. ಸ್ಪ್ಲೆಂಡರಿನ ನಾಲ್ಕು ಗೇರೂ ಮುಂದಕ್ಕೆ ಒತ್ತಿದರೆ ಏರುತ್ತವೆ. ಇದರಲ್ಲಿ ಮೊದಲನೆಯದು ಕೆಳಗೆ, ಉಳಿದ ಐದೂ ಮೇಲಕ್ಕೆ. ಹಾಲು ತರಕಾರಿಗೆ ಸ್ಪ್ಲೆಂಡರು, ದೂರಕ್ಕೆ ಇದು ಎಂದು ಎರಡನ್ನೂ ಇಟ್ಟುಕೊಂಡವನಿಗೆ ಇದು ಸಣ್ಣ ವಿಷಯವಲ್ಲ. ಅರವತ್ತರಲ್ಲಿ ಹೋಗುತ್ತ ಗೇರ್ ಏರಿಸಲೆಂದು ಹಳೆಯ ಅಭ್ಯಾಸದಲ್ಲಿ ಒತ್ತಿದರೆ ಗೇರ್ ಇಳಿದು ಎಂಜಿನ್ ಕಿರುಚುತ್ತದೆ. ಅಂಥ ಹೊತ್ತಿನಲ್ಲಿ ಹಿಂದಿನ ಚಕ್ರ ಜಾರದಂತೆ ನೋಡಿಕೊಳ್ಳಲು ಇದರಲ್ಲಿ ಸ್ಲಿಪ್ಪರ್ ಕ್ಲಚ್ ಇದೆ ಅನ್ನುವುದೊಂದು ಸಮಾಧಾನ.

ಇನ್ನು ರಸ್ತೆಯ ವಿಷಯ. ಸ್ಪ್ಲೆಂಡರಿನಲ್ಲಿ ರಾಷ್ಟ್ರೀಯ ಹೆದ್ದಾರಿ 73ರ ಮೇಲೆ ಅರಸೀಕೆರೆ ಕಡೆಗೆ ಹೋಗುವಾಗ ಒಂದು ಲಾರಿಯನ್ನು ಓವರ್‌ಟೇಕ್ ಮಾಡುವುದೆಂದರೆ ಸಣ್ಣ ಮದುವೆಯ ತಯಾರಿ. ಅರ್ಧ ಕಿಲೋಮೀಟರ್ ಹಿಂದಿನಿಂದಲೇ ಲೆಕ್ಕಾಚಾರ ಶುರು: ಮುಂದೆ ಏರಿದೆಯೇ, ಇಳಿಜಾರೇ, ಎದುರು ಬರುತ್ತಿರುವ ಬಸ್ಸು ಎಷ್ಟು ದೂರ, ಲಾರಿಯ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ಕಂಡನೇ, ಎಡಕ್ಕೆ ತೋಟದ ದಾರಿಯಿಂದ ಟ್ರ್ಯಾಕ್ಟರ್ ನುಗ್ಗಬಹುದೇ. ಇಳಿಜಾರಿನಲ್ಲಿ ಗಳಿಸಿದ ವೇಗವನ್ನು ಏರಿಗೆ ಉಳಿಸಿಕೊಳ್ಳಬೇಕು, ಬ್ರೇಕ್ ಹಿಡಿದರೆ ಆಸ್ತಿ ಕಳೆದುಕೊಂಡ ಹಾಗೆ. ಗಾಡಿಗೆ ಪಿಕಪ್ ಇಲ್ಲದ್ದರಿಂದ ತಲೆ ಓಡಿಸುವುದು ಅನಿವಾರ್ಯವಾಗಿತ್ತು. ಯಾರೂ ಕಲಿಸದೆ ನಾನು ರಸ್ತೆ ಓದುವುದನ್ನು ಕಲಿತದ್ದು ಹಾಗೆ.

650ರಲ್ಲಿ ಆ ಅನಿವಾರ್ಯವೇ ಇಲ್ಲ. ಲಾರಿ ಕಂಡಿತು, ಬಲಗೈ ಒಂದಿಷ್ಟು ತಿರುಗಿತು, ಲಾರಿ ಹಿಂದೆ ಹೋಯಿತು. ಯೋಚನೆ ಶುರುವಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ನನ್ನ ಮಟ್ಟಿಗೆ ದೊಡ್ಡ ಬೈಕಿನ ನಿಜವಾದ ಅಪಾಯ ಇದು. ಮೊದಮೊದಲು ಹೆದರಿಕೊಂಡೇ ಓಡಿಸುವುದರಿಂದ ಆಗ ಅಷ್ಟು ತೊಂದರೆಯಿಲ್ಲ. ತೂಕ ಮೈಗೆ ಒಗ್ಗಿ, ಭಯ ಹೋಗಿ, ಸ್ಪ್ಲೆಂಡರ್ ಕಲಿಸಿದ ಲೆಕ್ಕಾಚಾರಗಳು ಒಂದೊಂದಾಗಿ ಬೇಡವೆನಿಸುವ ಹೊತ್ತಿದೆಯಲ್ಲ, ಅಲ್ಲಿ ಎಚ್ಚರ ಬೇಕು. ಹಾಗಾಗಿ ನಾನೊಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ: ಸ್ಪ್ಲೆಂಡರಿನಲ್ಲಿದ್ದರೆ ಈ ಜಾಗದಲ್ಲಿ ಮುನ್ನುಗ್ಗುತ್ತಿದ್ದೆನೇ? ಇಲ್ಲವಾದರೆ ಇದರಲ್ಲೂ ಇಲ್ಲ. ಹೆಚ್ಚಿನ ಶಕ್ತಿಯಿರುವುದು ಓವರ್‌ಟೇಕನ್ನು ಬೇಗ ಮುಗಿಸುವುದಕ್ಕೆ, ಆಗದ ಕಡೆ ಆಗಿಸುವುದಕ್ಕಲ್ಲ. ಗೆಳೆಯರು ಇದನ್ನು ಹೆದರುಪುಕ್ಕಲುತನ ಎನ್ನುತ್ತಾರೆ, ಅನ್ನಲಿ.

ಇನ್ನೊಂದು ಮೋಸ ಮೀಟರಿನದು. ಸ್ಪ್ಲೆಂಡರ್ ಎಪ್ಪತ್ತು ಮುಟ್ಟುವಾಗ ಹಿಡಿ ನಡುಗುತ್ತದೆ, ಸೀಟು ನಡುಗುತ್ತದೆ, ಡೂಮಿನ ಗಾಜು ಗಿಲಗಿಲ ಅನ್ನುತ್ತದೆ. ಇಡೀ ಗಾಡಿಯೇ ಸಾಕು ಎನ್ನುತ್ತಿರುತ್ತದೆ. ಇದು ನೂರರಲ್ಲೂ ಸಂಗೀತ ಕಛೇರಿಯಲ್ಲಿ ತಂಬೂರಿ ಹಿಡಿದವರಷ್ಟು ನಿರಾಳ. ನೂರರಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗಿರುತ್ತೇವೆ. ಐವತ್ತರಲ್ಲಿ ಬ್ರೇಕ್ ಹಿಡಿದಾಗ ನಿಲ್ಲಲು ಬೇಕಾಗುವ ದೂರದ ಎರಡು ಪಟ್ಟಲ್ಲ, ನಾಲ್ಕು ಪಟ್ಟು ದೂರ ನೂರರಲ್ಲಿ ಬೇಕು. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಚಕ್ರ ಕಚ್ಚಿಕೊಂಡು ಜಾರುವುದನ್ನು ಅದು ತಪ್ಪಿಸುತ್ತದೆ, ಲೆಕ್ಕದ ಈ ನಾಲ್ಕು ಪಟ್ಟನ್ನು ತಪ್ಪಿಸುವುದಿಲ್ಲ.

ನಮ್ಮ ಕಡೆ ಈ ಲೆಕ್ಕಕ್ಕೆ ಬೇರೆಯದೇ ಅರ್ಥವಿದೆ. ಸುಗ್ಗಿಯ ಕಾಲದಲ್ಲಿ ತಿಪಟೂರಿನಿಂದ ಹುಳಿಯಾರಿನ ಕಡೆಗೆ ಹೊರಟರೆ ಡಾಂಬರು ರಸ್ತೆಯೇ ಕಣ. ರಾಗಿ, ಹುರುಳಿ ಹರಡಿರುತ್ತಾರೆ, ಓಡಾಡುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡಬೇಕು. ಹುರುಳಿಯ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಕಾಳು ಟೈರಿನ ಕೆಳಗೆ ಉರುಳುತ್ತದೆ. ನಲವತ್ತರಲ್ಲಿ ಬಂದ ಸ್ಪ್ಲೆಂಡರು ಅದರ ಮೇಲೆ ಸುಮ್ಮನೆ ತೇಲಿಕೊಂಡು ಹೋಗುತ್ತಿತ್ತು. ತಿರುವು ದಾಟಿದ ಕೂಡಲೇ ಇನ್ನೂರು ಕಿಲೋ ಹೊತ್ತು ಎಂಬತ್ತರಲ್ಲಿ ಹುರುಳಿಯ ಮೇಲೆ ಬಂದವನು ಬ್ರೇಕ್ ಹಿಡಿಯುವಂತಿಲ್ಲ, ಬಾಗುವಂತಿಲ್ಲ. ರೇಸ್ ಮೆಲ್ಲಗೆ ಇಳಿಸಿ, ಕ್ಲಚ್ ಮುಟ್ಟದೆ, ನೆಟ್ಟಗೆ ದಾಟಬೇಕು. ಬಣ್ಣ ಹಚ್ಚದ ಹಂಪುಗಳ ಕತೆಯೂ ಹೀಗೇ. ಊರಿನ ಬೋರ್ಡು ಕಂಡರೆ ಹಂಪ್ ಇದೆ ಎಂದೇ ತಿಳಿಯಬೇಕು, ಇಲ್ಲದಿದ್ದರೆ ಆ ಊರಿನವರ ಪುಣ್ಯ.

ತಿರುವಿನ ವಿಷಯದಲ್ಲಿ ನನಗೆ ಪಾಠವಾದದ್ದು ಚಾರ್ಮಾಡಿ ಘಾಟಿ. ಧರ್ಮಸ್ಥಳಕ್ಕೆ ಹೋಗುವಾಗ ಕೊಟ್ಟಿಗೆಹಾರ ದಾಟಿದರೆ ಮಂಜು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತಡೆಗೋಡೆ, ಅದರಾಚೆ ಏನೂ ಇಲ್ಲ. ಸಣ್ಣ ಗಾಡಿಯನ್ನು ಸೊಂಟ ತಿರುಗಿಸಿಯೇ ತಿರುಗಿಸಬಹುದು, ಇದು ಅದಕ್ಕೆ ಜಗ್ಗುವುದಿಲ್ಲ. ಬಲಕ್ಕೆ ಹೋಗಬೇಕಾದರೆ ಬಲಗೈ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಬೇಕು, ಆಗ ಬೈಕು ತಾನಾಗಿ ಬಲಕ್ಕೆ ವಾಲುತ್ತದೆ. ಹೇಳಿದರೆ ಉಲ್ಟಾ ಅನಿಸುತ್ತದೆ, ಆದರೆ ಎರಡು ಚಕ್ರದ ಎಲ್ಲ ವಾಹನವೂ ವೇಗದಲ್ಲಿ ತಿರುಗುವುದು ಹೀಗೆಯೇ. ವಿಮಾನ ಹಾರಿಸುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದ. ಎಡಕ್ಕೆ ತಿರುಗುವಾಗ ಮೊದಲು ಹ್ಯಾಂಡಲ್ ಬಲಕ್ಕೆ ಹೋಗುತ್ತದೆ ಅನ್ನುವುದು ಅವನು ವಿಚಾರಿಸಿದ ಸವಾರರಿಗೇ ಗೊತ್ತಿರಲಿಲ್ಲವಂತೆ. ನಾವೂ ಸೈಕಲ್ಲಿನ ಕಾಲದಿಂದ ಗೊತ್ತಿಲ್ಲದೆ ಮಾಡಿಕೊಂಡು ಬಂದದ್ದನ್ನೇ ಇಲ್ಲಿ ಗೊತ್ತಿದ್ದು ಮಾಡಬೇಕು. ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಬಸ್ಸನ್ನೇ ದಿಟ್ಟಿಸಿದರೆ ಗಾಡಿ ಬಸ್ಸಿನ ಕಡೆಗೇ ಹೋಗುತ್ತದೆ. ಕಣ್ಣನ್ನು ಕಿತ್ತು ಖಾಲಿ ಜಾಗಕ್ಕೆ ಹಾಕುವುದು ಎಲ್ಲಕ್ಕಿಂತ ಕಷ್ಟದ ಕೆಲಸ.

ಬೈಕು ತಂದ ಮೇಲೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಮ್ಮೆ ಹೋಗಬೇಕು ಅಂದುಕೊಳ್ಳುವವರಿಗೆ ಒಂದು ಮಾತು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, 47 ಕುದುರೆಯಿದ್ದರೂ ಆಟೋ ಟ್ರ್ಯಾಕ್ಟರುಗಳ ಜೊತೆ ಸರ್ವೀಸ್ ರಸ್ತೆಯೇ ಗತಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಂಜಿನ್ನಿನ ಬಿಸಿ ತೊಡೆಗೆ ಬಡಿಯುತ್ತದೆ. ಸ್ಪ್ಲೆಂಡರಿನ ಚೈನು ಕವರಿನೊಳಗೆ ಅಡಗಿರುವುದರಿಂದ ವರ್ಷಗಟ್ಟಲೆ ಅದರ ನೆನಪೇ ಆಗುವುದಿಲ್ಲ. ಇದರದು ತೆರೆದ ಚೈನು, ಕೆಲವು ನೂರು ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಹಾಕಬೇಕು. ಹಿಂದೆ ಕೂರುವವರಿಗೂ ಹೊಸ ಪಾಠವಿದೆ. ರೇಸ್ ಜೋರಾದರೆ ಹಿಂದಕ್ಕೆ ತೂರುತ್ತಾರೆ, ಬ್ರೇಕ್ ಹಿಡಿದರೆ ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯುತ್ತದೆ. ನನ್ನ ಹೆಂಡತಿ ಒಂದು ಸಲ ಹತ್ತಿ ಇಳಿದು, ‘ಟಕ್ ಅನ್ನಿಸದೆ ಓಡಿಸೋದು ಕಲಿತ ಮೇಲೆ ಕರಿ’ ಅಂದಳು. ಅದಕ್ಕಿಂತ ಒಳ್ಳೆಯ ಡ್ರೈವಿಂಗ್ ಟೆಸ್ಟು ನನಗೆ ಗೊತ್ತಿಲ್ಲ. ಅವಳಿಗೆ ಗೇರ್ ಬದಲಾದದ್ದೇ ತಿಳಿಯಬಾರದು ಎಂದು ಓಡಿಸುತ್ತ ಹೋದಂತೆ ಬಲಗೈ ತಾನಾಗಿ ಮೆತ್ತಗಾಯಿತು.

ಪಕ್ಕದ ಬೀದಿಯ ಹುಡುಗನೊಬ್ಬ, 125 ಸಿಸಿ ಗಾಡಿಯವನು, ನೇರವಾಗಿ 650ಕ್ಕೆ ಹೋಗುತ್ತೇನೆ ಎಂದು ಬಂದಿದ್ದ. ನಾನೇ ಹಾಗೆ ಹೋದವನು, ಬೇಡ ಅನ್ನುವ ಬಾಯಿ ನನಗಿಲ್ಲ. ಕೀ ಕೊಡಲಿಲ್ಲ ಅಷ್ಟೇ. ಎಂಜಿನ್ ಆಫ್ ಇರುವ ಹಾಗೆಯೇ ಬೈಕನ್ನು ನೂಕಿಕೊಂಡು ನಮ್ಮ ಅಂಗಳದಲ್ಲಿ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಪೂರ್ತಿ ತಿರುಗಿಸಿ, ತೆಂಗಿನ ಮರದ ಹತ್ತಿರ ಹಿಂಬದಿಯಿಂದ ನಿಲ್ಲಿಸಿ, ಡಬಲ್ ಸ್ಟ್ಯಾಂಡ್ ಹಾಕಲು ಹೇಳಿದೆ. ಹಾಕಿದ, ಅಂಗಿ ಪೂರ್ತಿ ಒದ್ದೆಯಾಗಿತ್ತು. ಕೂತು ನೀರು ಕುಡಿದು, 350 ಹೇಗಿರುತ್ತೆ ಅಂಕಲ್ ಎಂದು ಕೇಳಿದ. ಅದೂ 190 ಕಿಲೋ ಮೇಲಿದೆ ಎಂದೆ. ಇನ್ನೂ ಯೋಚನೆ ಮಾಡುತ್ತಿದ್ದಾನೆ.